ಮಕ್ಕಳ ಬುತ್ತಿಯ ಚರಿತ್ರೆ

ಕನ್ನಡದ ಬುತ್ತಿ, ಉರ್ದುವಿನ ತೋಶಾ, ಇಂಗ್ಲಿಷರು ನಮ್ಮಲ್ಲಿ ಬಿಟ್ಟುಹೋದ ಟಿಫಿನ್ - ಈ ಮೂರು ಮಾತುಗಳೂ ಇಂದು ಮಕ್ಕಳ ಶಾಲಾಚೀಲದ ಒಂದೇ ಡಬ್ಬಿಯೊಳಗೆ ಬಂದು ಸೇರಿವೆ. ಮೂರಕ್ಕೂ ಬೇರೆ ಬೇರೆ ಚರಿತ್ರೆಯಿದೆ. ಬುತ್ತಿ ಹೊಲಕ್ಕೆ ಹೋಗುವವರದು, ಜಾತ್ರೆಗೆ ನಡೆಯುವವರದು. ತೋಶಾ ಎಂದರೆ ದೂರದ ಸಫರಿಗೆ ಕಟ್ಟಿಕೊಂಡ ಆಹಾರ; ಅದನ್ನಿಡುವ ಪಾತ್ರೆ ತೋಶಾದಾನ್. ಟಿಫಿನ್ ಎಂಬುದು ಭಾರತದಲ್ಲಿದ್ದ ಇಂಗ್ಲಿಷರು ತಮ್ಮ ಮಧ್ಯಾಹ್ನದ ಲಘು ಊಟಕ್ಕೆ ಇಟ್ಟುಕೊಂಡ ಹೆಸರು. ದಾರಿಯ ಬುತ್ತಿಯೂ ಕಚೇರಿಯ ಟಿಫಿನ್ನೂ ಕೂಡಿ ಮಕ್ಕಳ ಡಬ್ಬಿಯಾದದ್ದು ತೀರ ಈಚಿನ ಮಾತು.

ಇಸ್ಲಾಮಿನ ಚರಿತ್ರೆಯಲ್ಲಿ ಎಲ್ಲರೂ ಬಲ್ಲ ಒಂದು ಬುತ್ತಿಯಿದೆ. ಕ್ರಿ.ಶ. 622ರಲ್ಲಿ ಪ್ರವಾದಿಯವರು (ಸ) ಮತ್ತು ಹಜ್ರತ್ ಅಬೂಬಕರ್ ಮಕ್ಕಾ ಬಿಟ್ಟು ಮದೀನಾದ ಕಡೆ ಹೊರಟಾಗ ಅಬೂಬಕರರ ಮನೆಯಲ್ಲಿ ಅವಸರದಿಂದ ಬುತ್ತಿ ಕಟ್ಟಲಾಯಿತು. ಚೀಲದ ಬಾಯಿ ಬಿಗಿಯಲು ಹಗ್ಗ ಸಿಗಲಿಲ್ಲ. ಮಗಳು ಅಸ್ಮಾ ತನ್ನ ನಡುಪಟ್ಟಿಯನ್ನೇ ಹರಿದು ಅದರಿಂದ ಕಟ್ಟಿದರು. ಆ ಕಾರಣಕ್ಕೆ ‘ಝಾತುನ್ನಿತಾಕೈನ್’, ಎರಡು ನಡುಪಟ್ಟಿಯವಳು, ಎಂಬ ಬಿರುದು ಅವರಿಗೆ ಬಂತು. ಬುತ್ತಿ ಕಟ್ಟುವ ಕೆಲಸ ಸಣ್ಣದೆಂದು ತಿಳಿಯುವವರು ಈ ಹೆಸರನ್ನು ನೆನೆಯಬೇಕು. ಕಟ್ಟಿದವರ ಹೆಸರನ್ನು ಚರಿತ್ರೆ ಇಷ್ಟು ಗೌರವದಿಂದ ಉಳಿಸಿಕೊಂಡ ಉದಾಹರಣೆ ಅಪರೂಪ.

ಇಂದು ನಮ್ಮ ಮನೆಗಳಲ್ಲಿ ಬೆಳಗಿನ ಏಳು ಗಂಟೆಗೆ ನಡೆಯುವ ಗಡಿಬಿಡಿ ಎಲ್ಲರಿಗೂ ಗೊತ್ತು. ಮಗು ದಿನವೂ ಅದೇ ಚಿತ್ರಾನ್ನ, ಅದೇ ಚಪಾತಿ ಎನ್ನುತ್ತದೆ. ಇಲ್ಲವೇ ನೂಡಲ್ಸ್, ಬ್ರೆಡ್ ಜಾಮ್ ಬೇಕೆಂದು ಹಟ ಹಿಡಿಯುತ್ತದೆ. ಸಂಜೆ ಡಬ್ಬಿ ಅರ್ಧ ತುಂಬಿಯೇ ಮರಳುತ್ತದೆ. ತಾಯಿಗೆ ಬುದ್ಧಿ ಹೇಳುವ ಲೇಖನಗಳಿಗೆ ಕೊರತೆಯಿಲ್ಲ. ಆದರೆ ಮಕ್ಕಳ ಬುತ್ತಿ ಏಕೆ ಹೀಗೆ ಬಡವಾಯಿತು, ಮೊದಲು ಅದರಲ್ಲಿ ಏನಿತ್ತು, ಏನಿರಲಿಲ್ಲ ಎಂಬುದನ್ನು ವಿಚಾರಿಸಿದವರು ಕಡಿಮೆ. ಆ ವಿಚಾರಣೆಯಿಲ್ಲದೆ ಪರಿಹಾರವೂ ಸಿಗಲಾರದು.

ಮಧ್ಯಾಹ್ನದ ಗಂಟೆ

ಹಳೆಯ ಗಾಂವಟಿ ಶಾಲೆ, ಕೂಲಿಮಠ, ಮಸೀದಿಯ ಮಕ್ತಬ್ - ಇವೆಲ್ಲ ಮನೆಯ ಸಮೀಪದಲ್ಲೇ ಇರುತ್ತಿದ್ದವು. ಬೆಳಿಗ್ಗೆ ಕಲಿತ ಮಗು ಹಸಿವಾದಾಗ ಮನೆಗೆ ಓಡಿಬರುತ್ತಿತ್ತು. ಬ್ರಿಟಿಷರ ಕಾಲದ ಹೊಸ ಶಾಲೆಗಳು ಗಡಿಯಾರದ ಪ್ರಕಾರ ನಡೆದವು. ಹತ್ತೂವರೆಗೆ ಒಳಹೋದರೆ ಬಿಡುವುದು ಸಂಜೆಗೆ. ದೂರದ ಮಕ್ಕಳು ಮಧ್ಯಾಹ್ನ ಮನೆಗೆ ಹೋಗಿಬರುವಂತಿರಲಿಲ್ಲ. ಹಾಗಾಗಿ ಹೊಲದ ಬುತ್ತಿ ಶಾಲೆಗೂ ಬಂತು.

ಅದರೊಂದಿಗೆ ಇನ್ನೊಂದು ಸಂಗತಿಯೂ ಬಯಲಾಯಿತು. ಮಧ್ಯಾಹ್ನದ ಗಂಟೆ ಹೊಡೆದಾಗ ಯಾರ ಬಳಿ ಬುತ್ತಿಯಿದೆ, ಯಾರ ಬಳಿ ಇಲ್ಲ ಎಂಬುದು ಎಲ್ಲರ ಕಣ್ಣಿಗೆ ಬಿತ್ತು. ಮನೆಯೊಳಗಿದ್ದ ಹಸಿವು ಶಾಲೆಯ ಜಗಲಿಗೆ ಬಂದು ಕುಳಿತಿತು. ಇಂಗ್ಲೆಂಡಿನಲ್ಲೂ ಹೀಗೇ ಆಯಿತು. ದಕ್ಷಿಣ ಆಫ್ರಿಕಾದ ಬೋಅರ್ ಯುದ್ಧಕ್ಕೆ ಸೇರಲು ಬಂದ ಬಡ ತರುಣರಲ್ಲಿ ಅನೇಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದದ್ದು ಅಲ್ಲಿನವರನ್ನು ಎಚ್ಚರಿಸಿತು. 1906ರಲ್ಲಿ ಶಾಲಾಮಕ್ಕಳಿಗೆ ಊಟ ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಅಧಿಕಾರ ನೀಡುವ ಕಾನೂನು ಬಂತು.

ನಮ್ಮ ದಕ್ಷಿಣ ಭಾರತ ಬಹಳ ಹಿಂದೆ ಬೀಳಲಿಲ್ಲ. ಜಸ್ಟೀಸ್ ಪಕ್ಷದ ನಾಯಕ ಪಿ. ತ್ಯಾಗರಾಯ ಚೆಟ್ಟಿ ಮದ್ರಾಸ್ ನಗರಪಾಲಿಕೆಯ ಅಧ್ಯಕ್ಷರಾಗಿದ್ದಾಗ, 1920ರಲ್ಲಿ, ಪಾಲಿಕೆಯ ಒಂದು ಶಾಲೆಯಲ್ಲಿ ಮಧ್ಯಾಹ್ನದ ಆಹಾರ ಕೊಡುವ ನಿರ್ಣಯವಾಯಿತು. ಒಂದು ಮಗುವಿಗೆ ದಿನಕ್ಕೆ ಒಂದು ಆಣೆ ಮೀರಬಾರದೆಂಬ ಮಿತಿ. ಆ ಶಾಲೆ ಇದ್ದದ್ದು ತೌಸೆಂಡ್ ಲೈಟ್ಸ್ ಬಡಾವಣೆಯಲ್ಲಿ. ಮುಹರ್ರಮ್ ದಿನಗಳಲ್ಲಿ ಸಾವಿರ ದೀಪ ಹಚ್ಚುತ್ತಿದ್ದ ಸ್ಥಳದಿಂದ ಆ ಬಡಾವಣೆಗೂ ಅಲ್ಲಿನ ಮಸೀದಿಗೂ ಆ ಹೆಸರು ಬಂದದ್ದು. ಖರ್ಚಿನ ಆಕ್ಷೇಪದಿಂದ 1925ರಲ್ಲಿ ನಿಂತ ಈ ಊಟ 1927ರಲ್ಲಿ ಮತ್ತೆ ಶುರುವಾಯಿತು. 1956ರಲ್ಲಿ ಕಾಮರಾಜರು ಅದನ್ನು ಇಡೀ ರಾಜ್ಯಕ್ಕೆ ಹಬ್ಬಿಸಿದರು, 1982ರಲ್ಲಿ ಎಂ.ಜಿ. ರಾಮಚಂದ್ರನ್ ಪೌಷ್ಟಿಕ ಊಟದ ಯೋಜನೆಯಾಗಿ ಬೆಳೆಸಿದರು.

ಅಂದರೆ ಮನೆಯ ಡಬ್ಬಿ ಮತ್ತು ಶಾಲೆಯ ಊಟ ಒಂದೇ ಗಂಟೆಯ ಎರಡು ಮಕ್ಕಳು. ಒಂದರ ಚರಿತ್ರೆಯನ್ನು ಬಿಟ್ಟು ಇನ್ನೊಂದನ್ನು ಹೇಳಲಾಗದು.

ಗಂಟಿನಲ್ಲಿ ಏನಿತ್ತು?

ಹಳೆಯ ಬುತ್ತಿಯನ್ನು ರೂಪಿಸಿದ್ದು ಜಾತಿ ಮತಗಳಿಗಿಂತ ಹೆಚ್ಚಾಗಿ ನೆಲ ಮತ್ತು ಮಳೆ. ಬಿಜಾಪುರ, ಗುಲ್ಬರ್ಗ, ರಾಯಚೂರಿನ ಕಡೆ ಹಿಂದೂವಿನ ಗಂಟಿನಲ್ಲೂ ಮುಸಲ್ಮಾನನ ಗಂಟಿನಲ್ಲೂ ಜೋಳದ ರೊಟ್ಟಿಯೇ. ಜೊತೆಗೆ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಅಥವಾ ಅಗಸಿ ಹಿಂಡಿ, ಒಂದು ಉಳ್ಳಾಗಡ್ಡಿ, ಸಿಕ್ಕರೆ ಪುಂಡಿಪಲ್ಯ, ಮೊಸರು. ಹಳೆ ಮೈಸೂರಿನ ಕಡೆ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿ, ಅವರೆಕಾಯಿ ಕಾಲದಲ್ಲಿ ಅವರೆಕಾಳು. ಕರಾವಳಿಯಲ್ಲಿ ಕುಚ್ಚಲಕ್ಕಿ, ಅಕ್ಕಿ ರೊಟ್ಟಿ, ಒಣಮೀನಿನ ಚಟ್ನಿ. ದಖನಿ ಮನೆಗಳಲ್ಲಿ ಅನುಕೂಲವಿದ್ದವರು ಪರಾಠಾ ಮತ್ತು ಖೀಮಾ, ಖಿಚಡಿ ಮತ್ತು ಖಟ್ಟಾ ಕಟ್ಟಿಕೊಡುತ್ತಿದ್ದರು.

ಇವುಗಳಲ್ಲಿ ಒಂದು ಲೆಕ್ಕಾಚಾರ ಅಡಗಿತ್ತು. ಧಾನ್ಯ ಒಂದು, ಅದಕ್ಕೆ ಒಂದು ಎಣ್ಣೆಕಾಳು ಅಥವಾ ಬೇಳೆ, ಒಂದು ಸೊಪ್ಪು, ಒಂದು ಹುಳಿ. ವರ್ಷಕ್ಕೊಮ್ಮೆ ಉತ್ತರ ಕರ್ನಾಟಕದ ರೈತರು ಎಳ್ಳು ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಒಯ್ಯುವ ಬುತ್ತಿಯನ್ನು ನೋಡಿದರೆ ಇದು ತಿಳಿಯುತ್ತದೆ. ಸಜ್ಜೆ ರೊಟ್ಟಿ, ಜೋಳದ ರೊಟ್ಟಿ, ಹತ್ತಾರು ಕಾಳು ಸೊಪ್ಪುಗಳ ಭಜ್ಜಿ, ಶೇಂಗಾ ಹೋಳಿಗೆ, ಬಗೆಬಗೆಯ ಚಟ್ನಿ. ಆ ಹಂಗಾಮಿನಲ್ಲಿ ನೆಲ ಕೊಟ್ಟದ್ದೆಲ್ಲ ಆ ಬುಟ್ಟಿಯಲ್ಲಿ ಇರುತ್ತದೆ.

ಆದರೆ ಹಳೆಯ ಕಾಲವೆಲ್ಲ ಹೀಗೆ ಸಮೃದ್ಧವಾಗಿತ್ತೆಂದು ಹೇಳಿದರೆ ಸುಳ್ಳಾಗುತ್ತದೆ. ಚರಗ ವರ್ಷಕ್ಕೆ ಒಂದು ದಿನ. ಉಳಿದ ದಿನಗಳಲ್ಲಿ ಬಡವರ ಗಂಟಿನಲ್ಲಿ ರಾತ್ರಿಯ ರೊಟ್ಟಿ, ಮೇಲೆ ಖಾರ, ಉಪ್ಪು. ಅದರ ಪರಿಣಾಮವನ್ನು ವೈದ್ಯಶಾಸ್ತ್ರ ದಾಖಲಿಸಿದೆ. ದಖನ್ನಿನಲ್ಲಿ ಜೋಳವನ್ನೇ ನೆಚ್ಚಿಕೊಂಡಿದ್ದ ಬಡವರಲ್ಲಿ ಪೆಲಾಗ್ರ ಎಂಬ ಕಾಯಿಲೆ ಕಾಣುತ್ತಿತ್ತು. ಬಿಸಿಲು ಬೀಳುವ ಕಡೆ ಚರ್ಮ ಕಪ್ಪಾಗಿ ಸುಲಿಯುವುದು, ಭೇದಿ, ಮನಸ್ಸಿನ ಕಳವಳ ಇದರ ಲಕ್ಷಣ. ಹೈದರಾಬಾದಿನಲ್ಲಿ ಸಂಶೋಧನೆ ನಡೆಸಿದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಇದನ್ನು ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶದೊಂದಿಗೆ ಜೋಡಿಸಿ ವಿವರಿಸಿದರು. ಜೋಳ ಕೆಟ್ಟದೆಂದು ಇದರ ಅರ್ಥವಲ್ಲ. ಜೋಳದೊಂದಿಗೆ ಬೇಳೆ, ಹಾಲು, ಮಾಂಸ ತಿನ್ನುವವರನ್ನು ಆ ಕಾಯಿಲೆ ಕಾಡಲಿಲ್ಲ. ಎಷ್ಟೇ ಒಳ್ಳೆಯ ಧಾನ್ಯವಾದರೂ ಒಂಟಿಯಾಗಿ ಮೈಯನ್ನು ಸಾಕಲಾರದು. ಬುತ್ತಿಯಲ್ಲಿ ವೈವಿಧ್ಯ ಬೇಕೆನ್ನುವುದು ನಾಲಿಗೆಯ ಚಪಲವಲ್ಲ. ಅದು ಆರೋಗ್ಯದ ಪ್ರಶ್ನೆ.

ಪಾತ್ರೆ ಬದಲಾದಾಗ

ಬುತ್ತಿಯಲ್ಲಿ ಏನು ಕಟ್ಟಬೇಕೆಂದು ತೀರ್ಮಾನಿಸಿದವರಲ್ಲಿ ಪಾತ್ರೆಯೂ ಒಂದು. ಬಟ್ಟೆಯ ಗಂಟಿನಲ್ಲಿ ಒಣಪದಾರ್ಥ ಮಾತ್ರ ಹೋಗುತ್ತದೆ. ಹಿತ್ತಾಳೆಯ ತೋಶಾದಾನ್ ಬಂದಾಗ ಸಾರು, ಪಲ್ಯಗಳೂ ಹೊರಟವು. ಆದರೆ ಹಿತ್ತಾಳೆಗೂ ಹುಳಿಗೂ ಆಗಿಬರುವುದಿಲ್ಲ. ಮೊಸರು, ಹುಣಿಸೆ ಬಿದ್ದರೆ ಕಿಲುಬು. ಅದಕ್ಕಾಗಿ ಕಲಾಯಿ ಬೇಕು. ನಮ್ಮ ಊರುಗಳಲ್ಲಿ ಈ ಕಸುಬು ಮಾಡುತ್ತಿದ್ದವರಲ್ಲಿ ಬಹಳ ಮಂದಿ ಮುಸ್ಲಿಮರು. ಬೀದಿಯ ಮೂಲೆಯಲ್ಲಿ ಕುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಗೆ ನವಸಾಗರ ಎರಚಿ, ತವರದ ಕಡ್ಡಿ ಮುಟ್ಟಿಸಿ, ಅರಳೆಯಿಂದ ತಿಕ್ಕಿದರೆ ಪಾತ್ರೆಯ ಒಳಗೆಲ್ಲ ಬೆಳ್ಳಿಯಂತಹ ಹೊಳಪು. ಕಲಾಯಿಯವನು ಬರುವ ತನಕ ಹುಳಿ ಪದಾರ್ಥ ಕಟ್ಟುವಂತಿರಲಿಲ್ಲ. ಆ ಮಟ್ಟಿಗೆ ಎಲ್ಲ ಜಾತಿಯವರ ಬುತ್ತಿಯ ಆರೋಗ್ಯವನ್ನೂ ಕಲಾಯಿ ಸಾಬರು ಕಾಯುತ್ತಿದ್ದರು.

ಮುಂದೆ ಅಲ್ಯೂಮಿನಿಯಂ ಬಂತು, ಆಮೇಲೆ ಸ್ಟೀಲು. ಸ್ಟೀಲಿನ ಡಬ್ಬಿಗೆ ಹುಳಿ, ಮೊಸರು, ಮಜ್ಜಿಗೆಹುಳಿ ಯಾವುದರ ಭಯವೂ ಇಲ್ಲ. ಚಿತ್ರಾನ್ನ, ಮೊಸರನ್ನ, ಪುಳಿಯೋಗರೆ ಶಾಲೆಗೆ ಧಾರಾಳವಾಗಿ ಹೊರಟವು. ಕಲಾಯಿಯ ಕಸುಬು ಹಾಗೇ ಕಣ್ಮರೆಯಾಗುತ್ತ ಬಂತು. ಪಾತ್ರೆ ಇಷ್ಟು ಅನುಕೂಲವಾದ ಮೇಲೆ ಒಳಗಿನ ಪದಾರ್ಥದ ಬಗೆಗಳು ಹೆಚ್ಚಬೇಕಿತ್ತು. ಹಾಗಾಗಲಿಲ್ಲ. ಅಕ್ಕಿಯೇ ಡಬ್ಬಿಯನ್ನು ತುಂಬಿತು.

ಇದರ ಅಪಾಯವನ್ನು ತಿಳಿದವರು ಮೊದಲೇ ಹೇಳಿದ್ದರು. ನೀಲಗಿರಿಯ ಕೂನೂರಿನಲ್ಲಿ ಆಹಾರ ಸಂಶೋಧನೆ ಆರಂಭಿಸಿದ ರಾಬರ್ಟ್ ಮೆಕ್ಯಾರಿಸನ್ ಭಾರತದ ಬೇರೆ ಬೇರೆ ಪ್ರಾಂತಗಳ ಊಟವನ್ನು ಇಲಿಗಳಿಗೆ ತಿನ್ನಿಸಿ ನೋಡಿದರು. ಇಡೀ ಗೋಧಿಯ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಚೆನ್ನಾಗಿ ಬೆಳೆದವು. ಪಾಲಿಶ್ ಅಕ್ಕಿಯ ಮೇಲೆಯೇ ನಿಂತ ಊಟ ತಿಂದವು ಸೊರಗಿದವು. ಅವರ ನಂತರ ಬಂದ ಆಕ್ರಾಯ್ಡ್ 1937ರಲ್ಲಿ ನಮ್ಮ ದವಸಧಾನ್ಯಗಳ ಪೋಷಕಾಂಶಗಳ ಪಟ್ಟಿಯನ್ನು ಪ್ರಕಟಿಸಿದರು. ಆ ಸಂಸ್ಥೆಯೇ 1958ರಲ್ಲಿ ಹೈದರಾಬಾದಿಗೆ ಬಂದು ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ. ಅದರ ಹಳೆಯ ಪಟ್ಟಿಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ 344 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಅಕ್ಕಿಯಲ್ಲಿ 10 ಮಾತ್ರ. ಮೂಳೆ ಬೆಳೆಯುವ ವಯಸ್ಸಿನ ಮಗುವಿನ ಡಬ್ಬಿಯಿಂದ ರಾಗಿ ಹೋಗಿ ಬಿಳಿ ಅನ್ನ ಬಂದದ್ದನ್ನು ನಾವು ಏಳಿಗೆ ಎಂದು ತಿಳಿದೆವು.

ಮೈಸೂರಿನಲ್ಲಿ 1950ರಲ್ಲಿ ಆರಂಭವಾದ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ ಮೊದಲ ಕೆಲಸಗಳಲ್ಲಿ ಒಂದು, ಬಡಮಕ್ಕಳಿಗಾಗಿ ಅಗ್ಗದ ಪೌಷ್ಟಿಕ ಹಿಟ್ಟು ತಯಾರಿಸುವುದು. ವಿ. ಸುಬ್ರಹ್ಮಣ್ಯನ್ ಅದರ ಮೊದಲ ನಿರ್ದೇಶಕರು. ಎಣ್ಣೆ ತೆಗೆದ ಕಡಲೆಕಾಯಿಯ ಹಿಟ್ಟು ನೂರಕ್ಕೆ 75 ಭಾಗ, ಕಡಲೆಹಿಟ್ಟು 25 ಭಾಗ ಸೇರಿಸಿ, ಅದಕ್ಕೆ ಜೀವಸತ್ವ ಮತ್ತು ಸುಣ್ಣದ ಅಂಶ ಬೆರೆಸಿ ಮಾಡಿದ ‘ವಿವಿಧೋದ್ದೇಶ ಆಹಾರ’ ಬಹಳ ಹೆಸರಾಯಿತು. ಪ್ರಯೋಗಶಾಲೆ ಕಂಡುಕೊಂಡ ಈ ಜೋಡಿಯ ಒಂದು ಪಾಲು ಬಿಜಾಪುರದ ಅಜ್ಜಿಯರ ಶೇಂಗಾ ಚಟ್ನಿಯಲ್ಲಿ, ಇನ್ನೊಂದು ಪಾಲು ಮೈಸೂರು ಸೀಮೆಯ ಹುರಿಗಡಲೆ ಚಟ್ನಿಪುಡಿಯಲ್ಲಿ ಮೊದಲಿನಿಂದಲೂ ಇತ್ತು.

ಅಮೆರಿಕದ ಉಪ್ಪಿಟ್ಟು, ಸರ್ಕಾರದ ಅಕ್ಕಿ

ಐವತ್ತು ದಾಟಿದ ಕನ್ನಡಿಗರಲ್ಲಿ ಅನೇಕರಿಗೆ ಶಾಲೆಯ ಊಟ ಎಂದರೆ ನೆನಪಾಗುವುದು ಗೋಧಿ ನುಚ್ಚಿನ ಉಪ್ಪಿಟ್ಟು ಮತ್ತು ಪುಡಿ ಹಾಲು. ಕೇರ್ ಎಂಬ ಅಮೆರಿಕದ ಸಂಸ್ಥೆ ಗೋಧಿ ನುಚ್ಚು, ಮೆಕ್ಕೆಜೋಳ-ಸೋಯಾ ಹಿಟ್ಟು, ಹಾಲಿನ ಪುಡಿ, ಎಣ್ಣೆಗಳನ್ನು ನಮ್ಮ ಶಾಲೆಗಳಿಗೆ ಕಳಿಸುತ್ತಿತ್ತು. ಆ ಉಪ್ಪಿಟ್ಟಿನ ಆಸೆಗೇ ಶಾಲೆಗೆ ಬಂದು ಅಕ್ಷರ ಕಲಿತವರು ಸಾವಿರಾರು. ಅದನ್ನು ಹಗುರವಾಗಿ ಮಾತಾಡಬಾರದು. ಆದರೆ ಆ ತಟ್ಟೆಯಲ್ಲಿ ಏನಿರಬೇಕೆಂದು ತೀರ್ಮಾನಿಸಿದ್ದು ನಮ್ಮ ಮಗುವಿನ ಅಗತ್ಯವಲ್ಲ, ಬೇರೊಂದು ದೇಶದಲ್ಲಿ ಮಿಕ್ಕ ಫಸಲು. ರಾಗಿ ಬೆಳೆಯುವ ಊರಿನಲ್ಲೂ ಅದೇ ಉಪ್ಪಿಟ್ಟು, ಜೋಳ ಬೆಳೆಯುವ ಊರಿನಲ್ಲೂ ಅದೇ.

ಮುಂದೆ ನಮ್ಮದೇ ಸರ್ಕಾರದ ಉಗ್ರಾಣ ತುಂಬಿತು. 1995ರ ಆಗಸ್ಟ್ 15ರಂದು ಕೇಂದ್ರದ ಯೋಜನೆ ಆರಂಭವಾದಾಗ ಬಹುಪಾಲು ರಾಜ್ಯಗಳು ಅಡುಗೆ ಮಾಡಿ ಬಡಿಸಲಿಲ್ಲ. ತಿಂಗಳಿಗೆ 3 ಕಿಲೋ ಧಾನ್ಯ ಅಳೆದು ಮನೆಗೆ ಕೊಟ್ಟವು. ಪಿ.ಯು.ಸಿ.ಎಲ್. ಸಂಘಟನೆ 2001ರಲ್ಲಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅದೇ ವರ್ಷದ ನವೆಂಬರ್ 28ರಂದು ಆದೇಶ ನೀಡಿ, ಧಾನ್ಯವಲ್ಲ, ಬೇಯಿಸಿದ ಊಟವನ್ನೇ ಕೊಡಬೇಕೆಂದಿತು. ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು, ವರ್ಷಕ್ಕೆ ಕನಿಷ್ಠ 200 ದಿನ. ಕರ್ನಾಟಕದಲ್ಲಿ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಆರಂಭವಾಯಿತು. ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಸೇರಿತು.

ಬಿಸಿಯೂಟದ ಮಹತ್ವ ಅದರ ಅನ್ನ ಸಾಂಬಾರಿನಲ್ಲಷ್ಟೇ ಇಲ್ಲ. ಎಲ್ಲ ಮಕ್ಕಳೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಊಟ ಉಣ್ಣುವುದು ನಮ್ಮ ಸಮಾಜದಲ್ಲಿ ಸುಲಭವಾಗಿ ನಡೆದುಬಿಡುವ ಕೆಲಸವಲ್ಲ. ದಲಿತ ಹೆಂಗಸರು ಮಾಡಿದ ಅಡುಗೆಯನ್ನು ಮಕ್ಕಳು ಉಣ್ಣದಂತೆ ತಡೆದ ಹಿರಿಯರು ಹಲವು ಊರುಗಳಲ್ಲಿ ಸುದ್ದಿಯಾದರು. ಆದರೂ ಊಟ ನಿಲ್ಲಲಿಲ್ಲ. ಮಕ್ಕಳು ಹಿರಿಯರಿಗಿಂತ ಬೇಗ ಕಲಿತರು.

ತಟ್ಟೆಯಲ್ಲಿ ಏನಿರಬೇಕೆಂಬ ಜಗಳ ಮಾತ್ರ ನಿಂತಿಲ್ಲ. ಈರುಳ್ಳಿ ಬೆಳ್ಳುಳ್ಳಿ ಇಲ್ಲದ ಅಡುಗೆಯನ್ನು ಎಲ್ಲ ಮಕ್ಕಳಿಗೂ ಬಡಿಸುವುದು ಸರಿಯೇ ಎಂಬ ಚರ್ಚೆ 2018-19ರಲ್ಲಿ ನಡೆಯಿತು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳು ಮತ್ತು ವಿಜಯಪುರದಲ್ಲಿ ಮೊಟ್ಟೆ ಕೊಡಲು ಆರಂಭಿಸಿದಾಗ ಕೆಲವು ಮಠಾಧೀಶರು ವಿರೋಧಿಸಿದರು. ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು ಇತ್ತು. ಯಾರಿಗೂ ಬಲವಂತ ಇರಲಿಲ್ಲ. ಆಗ ಒಬ್ಬ ಶಾಲಾಬಾಲಕಿ ನಮಗೆ ಮೊಟ್ಟೆ ಬೇಕು ಎಂದು ಕ್ಯಾಮೆರಾದ ಮುಂದೆ ಖಂಡಿತವಾಗಿ ಹೇಳಿದ್ದನ್ನು ನಾಡೆಲ್ಲ ನೋಡಿತು. ದೊಡ್ಡವರು ವಾದ ಮಾಡುತ್ತಿದ್ದಾಗ ಹಸಿದವರನ್ನು ಯಾರೂ ಕೇಳಿರಲಿಲ್ಲ, ಅವಳೇ ಹೇಳಬೇಕಾಯಿತು. 2022ರಲ್ಲಿ ಮೊಟ್ಟೆ ಇಡೀ ರಾಜ್ಯಕ್ಕೆ ಬಂತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ನಿನ ನೆರವಿನಿಂದ ವಾರದ ಆರು ದಿನಗಳಿಗೂ ವಿಸ್ತರಿಸಿತು.

ಡಬ್ಬಿಯ ನಾಚಿಕೆ

ಇತ್ತ ಖಾಸಗಿ ಶಾಲೆಗಳ ಮಕ್ಕಳ ಡಬ್ಬಿಯಲ್ಲಿ ಬೇರೆಯೇ ಕತೆ ನಡೆಯಿತು. 1983ರಲ್ಲಿ ಮ್ಯಾಗಿ ನೂಡಲ್ಸ್ ನಮ್ಮ ದೇಶಕ್ಕೆ ಬಂತು. ತೊಂಬತ್ತರ ದಶಕದ ನಂತರ ಚಿಪ್ಸು, ಕ್ರೀಮ್ ಬಿಸ್ಕತ್ತು, ಕೇಕುಗಳ ಬಣ್ಣದ ಪೊಟ್ಟಣಗಳು ಹಳ್ಳಿಯ ಅಂಗಡಿಗಳಲ್ಲೂ ತೂಗಾಡತೊಡಗಿದವು. ಇವು ಮನೆಯ ಬುತ್ತಿಯನ್ನು ಸೋಲಿಸಿದ್ದು ಬರೀ ರುಚಿಯಿಂದಲ್ಲ. ಪೊಟ್ಟಣದ ತಿಂಡಿಗೆ ಜಾತಿಯಿಲ್ಲ, ಊರಿಲ್ಲ, ವಾಸನೆಯಿಲ್ಲ. ರಾಗಿ ರೊಟ್ಟಿ ತೆಗೆದ ಮಗುವಿಗೆ ‘ಕಪ್ಪು ರೊಟ್ಟಿ’ ಎಂಬ ಹೆಸರು ಬೀಳುತ್ತದೆ. ಒಣಮೀನಿನ ಚಟ್ನಿ ತಂದವನ ಪಕ್ಕದಿಂದ ಗೆಳೆಯರು ಎದ್ದುಹೋಗುತ್ತಾರೆ. ಬ್ರೆಡ್ ಜಾಮ್ ತಂದವನನ್ನು ಯಾರೂ ಏನೂ ಕೇಳುವುದಿಲ್ಲ. ಮಗು ಮನೆಗೆ ಬಂದು ‘ಅಮ್ಮೀ, ನಾಳೆಯಿಂದ ಇದನ್ನು ಕೊಡಬೇಡ’ ಎನ್ನುತ್ತದೆ. ಏಕೆಂದು ಹೇಳುವುದಿಲ್ಲ. ತಾಯಿ ಇದನ್ನು ಹಟ ಎಂದುಕೊಳ್ಳುತ್ತಾಳೆ. ಅದು ನಾಚಿಕೆ.

ಮುಸ್ಲಿಮ್ ಮನೆಗಳಿಗೆ ಈ ನಾಚಿಕೆಯ ಜೊತೆ ಭಯವೂ ಸೇರಿದೆ. ಡಬ್ಬಿಯಲ್ಲಿ ಮಾಂಸ, ಮೊಟ್ಟೆ ತರಬಾರದೆಂದು ಸೂಚಿಸುವ ಶಾಲೆಗಳು ಇವೆ. 2024ರ ಸೆಪ್ಟೆಂಬರ್‌ನಲ್ಲಿ ಉತ್ತರ ಪ್ರದೇಶದ ಅಮ್ರೋಹಾದಲ್ಲಿ, ಡಬ್ಬಿಯಲ್ಲಿ ಮಾಂಸಾಹಾರ ತಂದನೆಂಬ ಕಾರಣಕ್ಕೆ ಸಣ್ಣ ಹುಡುಗನೊಬ್ಬನನ್ನು ಶಾಲೆಯಿಂದ ಹೊರಹಾಕಿದರೆಂಬ ದೂರು ದೇಶದ ಗಮನ ಸೆಳೆಯಿತು. ಪ್ರಕರಣ ಅಲಹಾಬಾದ್ ಹೈಕೋರ್ಟಿನವರೆಗೂ ಹೋಗಿ, ಆ ಮನೆಯ ಮಕ್ಕಳಿಗೆ ಬೇರೊಂದು ಶಾಲೆಯಲ್ಲಿ ಪ್ರವೇಶ ಕೊಡಿಸುವಂತೆ ನ್ಯಾಯಾಲಯ ಜಿಲ್ಲಾಧಿಕಾರಿಗೆ ಹೇಳಬೇಕಾಯಿತು. ಇಂತಹ ಸುದ್ದಿ ಓದಿದ ತಾಯಿ ಸಾವಿರ ಮೈಲಿ ದೂರದಲ್ಲಿದ್ದರೂ ಮರುದಿನ ಡಬ್ಬಿಗೆ ಬ್ರೆಡ್ಡನ್ನೇ ತುಂಬುತ್ತಾಳೆ. ಆ ಬ್ರೆಡ್ಡು ಅವಳ ಸೋಮಾರಿತನವಲ್ಲ.

ಆದರೆ ನಷ್ಟವಾಗುವುದು ಮಗುವಿಗೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 67 ಮಕ್ಕಳಿಗೆ ರಕ್ತಹೀನತೆಯಿದೆ. ಈ ಮಕ್ಕಳೇ ನಾಳೆ ಶಾಲೆಯ ಬೆಂಚಿನ ಮೇಲೆ ಬಂದು ಕೂರುವವರು. ಅವರಿಗೆ ಕಬ್ಬಿಣದ ಅಂಶ, ಪ್ರೋಟೀನು ಬೇಕಾದ ಹೊತ್ತಿನಲ್ಲಿ ನಾವು ಮೈದಾ ಮತ್ತು ಸಕ್ಕರೆ ಕೊಟ್ಟು ಕಳಿಸುತ್ತಿದ್ದೇವೆ. ಶಾಲೆಯ ಒಳಗೆ ಮತ್ತು ಗೇಟಿನಿಂದ 50 ಮೀಟರಿನೊಳಗೆ ಹೆಚ್ಚು ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿ ಮಾರಬಾರದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2020ರಲ್ಲಿ ನಿಯಮ ತಂದಿದೆ. ಆದರೆ ಅಂಗಡಿಯನ್ನು ದೂರ ಇಡಬಲ್ಲ ನಿಯಮ ಡಬ್ಬಿಯೊಳಗಿನ ನಾಚಿಕೆಯನ್ನು ದೂರ ಮಾಡಲಾರದು.

ನಾಳೆಯ ಬುತ್ತಿ

ಹಾಗಾದರೆ ಏನು ಮಾಡಬೇಕು? ಹಳೆಯ ಗಂಟನ್ನು ಬಿಚ್ಚಿ ನೋಡಿದರೆ ಅರ್ಧ ಉತ್ತರ ಅಲ್ಲೇ ಇದೆ. ಮೊದಲನೆಯದು, ಧಾನ್ಯ ಬದಲಾಗುತ್ತಿರಲಿ. ವಾರದಲ್ಲಿ ಎರಡು ದಿನ ಅನ್ನದ ಬಗೆ, ಎರಡು ದಿನ ಚಪಾತಿ, ಒಂದೊಂದು ದಿನ ರಾಗಿ, ಜೋಳ. ರಾಗಿ ಹಿಟ್ಟಿಗೆ ನುಗ್ಗೆಸೊಪ್ಪು, ಈರುಳ್ಳಿ ಸೇರಿಸಿ ಸಣ್ಣ ಸಣ್ಣ ರೊಟ್ಟಿ ತಟ್ಟಿದರೆ ಮಗುವಿನ ಕೈಗೆ ಹಿಡಿಸುತ್ತದೆ. ಎರಡನೆಯದು, ಧಾನ್ಯವನ್ನು ಒಂಟಿಯಾಗಿ ಕಳಿಸಬೇಡಿ. ಮೊಳಕೆ ಬಂದ ಹೆಸರುಕಾಳು, ಅಲಸಂದೆಯ ಉಸಲಿ, ಕಡಲೆಕಾಳು, ಶೇಂಗಾ ಚಟ್ನಿ, ಗಟ್ಟಿ ಮೊಸರು - ಯಾವುದಾದರೂ ಒಂದು ಜೊತೆಗಿರಲಿ. ತಿನ್ನುವವರು ಪೂರ್ತಿ ಬೆಂದ ಮೊಟ್ಟೆಯನ್ನೋ ಒಣಗಿಸಿ ಹುರಿದ ಖೀಮಾ ತುಂಬಿದ ಚಪಾತಿಯನ್ನೋ ಕಟ್ಟಬಹುದು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನು ಇದೆ.

ಮೂರನೆಯದು ಹುಳಿ. ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವನ್ನು ಮೈ ಹೀರಿಕೊಳ್ಳಲು ಸಿ ಜೀವಸತ್ವ ನೆರವಾಗುತ್ತದೆ. ಉಸಲಿಯ ಮೇಲೆ ನಿಂಬೆಹಣ್ಣು ಹಿಂಡುವ ನಮ್ಮ ಹಳೆಯ ಅಭ್ಯಾಸದ ಹಿಂದೆ ಇಂತಹ ತಿಳಿವಳಿಕೆಯಿದೆ. ಕಾಲಕ್ಕೆ ತಕ್ಕ ಒಂದು ಹಣ್ಣು ಸಾಕು. ದುಬಾರಿ ಸೇಬು ಬೇಡ. ಸೀಬೆಹಣ್ಣಿನಲ್ಲಿ ಕಿತ್ತಳೆಗಿಂತ ಹೆಚ್ಚು ಸಿ ಜೀವಸತ್ವವಿದೆ. ಇದಕ್ಕೆ ತದ್ವಿರುದ್ಧ ಕೆಲಸ ಮಾಡುವುದು ಚಹಾ. ಅದು ಕಬ್ಬಿಣ ಹೀರುವುದನ್ನು ತಡೆಯುತ್ತದೆ. ನಮ್ಮ ಮನೆಗಳಲ್ಲಿ ಸಣ್ಣ ಮಕ್ಕಳಿಗೂ ನಾಷ್ಟಾದ ಜೊತೆ ಚಹಾ ಕೊಡುವ ರೂಢಿಯನ್ನು ಬಿಡುವುದು ಒಳ್ಳೆಯದು. ಸಣ್ಣ ವಿರಾಮಕ್ಕೆ ಬಿಸ್ಕತ್ತಿನ ಬದಲು ಹುರಿಗಡಲೆ ಬೆಲ್ಲ, ಶೇಂಗಾ ಚಿಕ್ಕಿ, ಎರಡು ಖರ್ಜೂರ ಸಾಕು.

ಕಟ್ಟುವ ಕ್ರಮದಲ್ಲೂ ಎಚ್ಚರ ಬೇಕು. ರಾತ್ರಿ ಹೊರಗೇ ಉಳಿದ ಅನ್ನವನ್ನು ಬೆಳಿಗ್ಗೆ ಒಗ್ಗರಣೆ ಹಾಕಿ ಕಳಿಸಬಾರದು. ಅದರಲ್ಲಿ ಬೆಳೆಯುವ ವಿಷ ಮತ್ತೆ ಕಾಯಿಸಿದರೂ ಹೋಗುವುದಿಲ್ಲ. ಹಬೆಯಾಡುವ ಪದಾರ್ಥಕ್ಕೆ ತಕ್ಷಣ ಮುಚ್ಚಳ ಬಿಗಿದರೆ ಒಳಗೆ ನೀರಿಳಿದು ಬೇಗ ಹಳಸುತ್ತದೆ. ಮಾಂಸ, ಮೊಟ್ಟೆಗಳನ್ನು ಬೆಳಿಗ್ಗೆಯೇ ಬೇಯಿಸಿ, ಮಧ್ಯಾಹ್ನದೊಳಗೆ ತಿನ್ನುವಂತಿದ್ದರೆ ಮಾತ್ರ ಕಟ್ಟಬೇಕು. ಹೊಸ ಪದಾರ್ಥವನ್ನು ಡಬ್ಬಿಯ ತುಂಬ ತುಂಬಬೇಡಿ. ಪರಿಚಿತ ತಿಂಡಿಯ ಪಕ್ಕ ಎರಡು ತುತ್ತಿನಷ್ಟು ಇಡಿ. ಹಿಂದಿನ ರಾತ್ರಿಯೇ ‘ನಾಳೆ ರೊಟ್ಟಿಯೋ ಚಪಾತಿಯೋ’ ಎಂದು ಮಗುವನ್ನೇ ಕೇಳಿ. ತಾನೇ ಆರಿಸಿದ್ದನ್ನು ಮಗು ಬಿಟ್ಟುಬರುವುದು ಕಡಿಮೆ. ತಂದೆಯಂದಿರೂ ಕಾಳು ನೆನೆಹಾಕಲು, ಸೊಪ್ಪು ಬಿಡಿಸಲು ಕಲಿಯಬೇಕು. ಡಬ್ಬಿ ಎಂಬುದು ದಿನಾ ಬೆಳಿಗ್ಗೆ ತಾಯಿಯೊಬ್ಬಳೇ ಬರೆಯಬೇಕಾದ ಪರೀಕ್ಷೆಯಲ್ಲ.

ಉಳಿದರ್ಧ ಉತ್ತರ ಅಡುಗೆಮನೆಯಲ್ಲಿ ಇಲ್ಲ, ಡಬ್ಬಿ ತೆರೆಯುವ ಜಾಗದಲ್ಲಿ ಇದೆ. ಜಪಾನಿನ ತ್ಸುರುಓಕಾದಲ್ಲಿ 1889ರಲ್ಲಿ ಒಂದು ಬೌದ್ಧ ಮಂದಿರದ ಶಾಲೆ ಬಡಮಕ್ಕಳಿಗೆ ಅನ್ನದ ಉಂಡೆ, ಮೀನು, ಉಪ್ಪಿನಕಾಯಿ ಕೊಟ್ಟಿತು. ಆ ದೇಶದ ಶಾಲಾ ಊಟದ ಕತೆ ಅಲ್ಲಿಂದ ಶುರುವಾಗುತ್ತದೆ. ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಇಂದು ಮಕ್ಕಳೇ ಸರದಿಯ ಮೇಲೆ ಬಡಿಸುತ್ತಾರೆ. ತರಗತಿಯಲ್ಲೇ ಶಿಕ್ಷಕರೂ ಮಕ್ಕಳ ಜೊತೆ ಕುಳಿತು ಅದನ್ನೇ ಉಣ್ಣುತ್ತಾರೆ. ಊಟವೂ ಒಂದು ಪಾಠ ಎಂದು ಅವರು ತಿಳಿದಿದ್ದಾರೆ. ನಮ್ಮ ಡಬ್ಬಿಯ ಶಾಲೆಗಳಲ್ಲಿ ಮಧ್ಯಾಹ್ನದ ಹೊತ್ತು ಶಿಕ್ಷಕರು ಸ್ಟಾಫ್ ರೂಮಿನಲ್ಲಿರುತ್ತಾರೆ. ಮಕ್ಕಳು ಒಬ್ಬರ ಡಬ್ಬಿಯನ್ನು ಒಬ್ಬರು ನೋಡಿ ಅಳೆಯುತ್ತ ಕುಳಿತಿರುತ್ತಾರೆ. ವಾರಕ್ಕೊಂದು ದಿನ ಶಿಕ್ಷಕಿಯೊಬ್ಬರು ಮಕ್ಕಳ ನಡುವೆ ಕುಳಿತು ತನ್ನ ರೊಟ್ಟಿ ಬಿಚ್ಚಿದರೆ, ‘ಈ ಚಟ್ನಿ ಯಾವ ಊರಿನದು, ಯಾರು ಮಾಡಿದರು’ ಎಂದು ಒಂದು ಮಗುವನ್ನು ಪ್ರೀತಿಯಿಂದ ಕೇಳಿದರೆ, ಆ ಮಗು ಮರುದಿನ ಡಬ್ಬಿಯನ್ನು ಮುಚ್ಚಳದ ಮರೆಯಲ್ಲಿ ತಿನ್ನುವುದಿಲ್ಲ.

ಹಂಚಿ ತಿನ್ನುವುದಕ್ಕೂ ಶಿಸ್ತು ಬೇಕು. ಗೆಳೆಯನ ಮನೆಯಲ್ಲಿ ಏನು ತಿನ್ನುವುದಿಲ್ಲ ಎಂಬುದನ್ನು ಕೇಳಿ ತಿಳಿದೇ ಕೊಡಬೇಕೆಂದು ನಮ್ಮ ಮಕ್ಕಳಿಗೆ ಹೇಳಿಕೊಡೋಣ. ಹಾಗೆಯೇ ಅವರು ಯಾರ ಡಬ್ಬಿಯನ್ನೂ ನೋಡಿ ಮೂಗು ಮುಚ್ಚಿಕೊಳ್ಳಬಾರದು. ಸಾರು ಮಾಡುವಾಗ ಒಂದಿಷ್ಟು ನೀರು ಹೆಚ್ಚು ಹಾಕಿ ನೆರೆಯವರನ್ನೂ ನೆನೆಯಬೇಕೆಂದು ಪ್ರವಾದಿಯವರು (ಸ) ಬೋಧಿಸಿದ್ದಾರೆ. ತರಗತಿಯ ಬೆಂಚಿನಲ್ಲಿ ಪಕ್ಕಕ್ಕೆ ಕುಳಿತವನು ಮಗುವಿನ ಮೊದಲ ನೆರೆಯವನು. ಬುತ್ತಿ ಕಟ್ಟುವಾಗ ಒಂದು ರೊಟ್ಟಿ ಹೆಚ್ಚು ಇಟ್ಟರೆ ಅದು ಅವನ ಪಾಲಿನದು.

ಶಾಲೆಗಳ ಪೋಷಕರ ಸಭೆಗಳಲ್ಲಿ ನಾವು ಅಂಕಗಳ ಬಗ್ಗೆ, ಫೀಸಿನ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತೇವೆ. ಮಧ್ಯಾಹ್ನ ನಮ್ಮ ಮಕ್ಕಳು ಎಲ್ಲಿ ಕುಳಿತು ಉಣ್ಣುತ್ತಾರೆ, ಕೈ ತೊಳೆಯಲು ನೀರಿದೆಯೇ, ಅವರ ಪಕ್ಕದಲ್ಲಿ ದೊಡ್ಡವರು ಯಾರಾದರೂ ಇರುತ್ತಾರೆಯೇ, ಯಾವ ಮಗುವಾದರೂ ಒಂಟಿಯಾಗಿ ಉಣ್ಣುತ್ತಿದೆಯೇ ಎಂದು ಯಾರೂ ಕೇಳುವುದಿಲ್ಲ. ಮುಂದಿನ ಸಭೆಗೆ ಹೋದಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ ಬರಬೇಕು. ಆಮೇಲೆ ಮನೆಗೆ ಬಂದು ನಾಳೆಗೆ ಕಾಳು ನೆನೆಹಾಕಬಹುದು.